ಫ್ರೇಸರ್ ನದಿಗೆ ಮೀನು ಹಿಡಿಯಲು ಹೊರಟವರಿಗೆ

ತೀರ್ಥಹಳ್ಳಿ ಸಮೀಪದ ಚಿಬ್ಬಲಗುಡ್ಡೆಯಲ್ಲಿ ತುಂಗೆಯ ಮೀನುಗಳಿಗೆ ಮಂಡಕ್ಕಿ ಎರಚುತ್ತಾ ಬೆಳೆದವನು ನಾನು. ಆ ಮತ್ಸ್ಯಧಾಮದಲ್ಲಿ ಯಾರೂ ಗಾಳ ಹಾಕುವುದಿಲ್ಲ. ಈಗ ಕೆನಡಾದ ಸರ್ರೆಯಲ್ಲಿದ್ದೇನೆ. ಕಾರಿನಲ್ಲಿ ಒಂದು ಗಂಟೆ ಹೋದರೆ ಚಿಲಿವಾಕ್, ಫ್ರೇಸರ್ ನದಿ. ಊರಿನಿಂದ ಬಂದ ನೆಂಟರೆಲ್ಲ ಮೀನು ಹಿಡಿಯಲು ಕರೆದುಕೊಂಡು ಹೋಗು ಎನ್ನುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ, ವಿಮಾನದ ಟಿಕೆಟ್ ಆಮೇಲೆ. ಇದು 1,375 ಕಿಲೋಮೀಟರ್ ಹರಿಯುವ ನದಿ. ಮೇ ಕೊನೆಯಿಂದ ಹಿಮ ಕರಗಿದ ನೀರು ಕದಡಿ, ಕಂದು ಬಣ್ಣವಾಗಿ, ದಡ ತುಂಬಿ ಬರುತ್ತದೆ. ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ನದಿಗೆ ಮೇಲೇರುವುದು ಜಾತಿಗೊಂದು ಕಾಲದಲ್ಲಿ: ಚಿನೂಕ್ ಬೇಸಿಗೆಯಲ್ಲಿ, ಸಾಕೈ ಆಗಸ್ಟ್ ಸುಮಾರಿಗೆ, ಕೊಹೊ ಮತ್ತು ಚಮ್ ಶರತ್ಕಾಲದಲ್ಲಿ. ಪಿಂಕ್ ಬರುವುದು 2023, 2025ರಂತಹ ಬೆಸ ವರ್ಷಗಳಲ್ಲಿ ಮಾತ್ರ. ನನ್ನನ್ನು ಕೇಳಿದರೆ ಅಕ್ಟೋಬರ್ ಎನ್ನುತ್ತೇನೆ. ಮೊಟ್ಟೆಯಿಟ್ಟು ಸತ್ತ ಸಾಲ್ಮನ್‌ಗಳು ಆಗ ನೀರಿನಲ್ಲಿ ತೇಲಿ ಬರುತ್ತವೆ, ಅವನ್ನು ತಿನ್ನಲು ನದಿತಳದ ದೈತ್ಯ ಮೀನುಗಳಾದ ಸ್ಟರ್ಜನ್‌ಗಳು ಸೇರುತ್ತವೆ.

2010ರಲ್ಲಿ ಸುಮಾರು ಮೂರು ಕೋಟಿ ಸಾಕೈ ಬಂದಿದ್ದವು. ಆ ಮಾತು ಕೇಳಿ ಆಸೆಪಟ್ಟು ಬರಬೇಡಿ. ಮೀನು ಕಡಿಮೆಯಿರುವ ವರ್ಷ ಸರ್ಕಾರ ಸಾಕೈ ಹಿಡಿಯಲು ಬಿಡುವುದೇ ಇಲ್ಲ. ಹೊರಡುವ ವಾರ ಪ್ರಕಟಣೆ ನೋಡಿ. ಕೊಹೊ ಸಿಕ್ಕರೆ ಬಾಲದ ಮುಂದೆ, ಬೆನ್ನ ಮೇಲಿರುವ ಪುಟ್ಟ ರೆಕ್ಕೆಯನ್ನು ಹುಡುಕಿ. ಅದು ಇದ್ದರೆ ನದಿಯಲ್ಲೇ ಹುಟ್ಟಿದ ಕಾಡು ಮೀನು, ಬಿಟ್ಟುಬಿಡಬೇಕು. ರೆಕ್ಕೆಯಿದ್ದ ಜಾಗದಲ್ಲಿ ಕತ್ತರಿಸಿ ಮಾಯ್ದ ಗುರುತಿದ್ದರೆ ಮರಿಸಾಕಣೆ ಕೇಂದ್ರದ್ದು.

ಪರವಾನಗಿಯನ್ನು ಗೈಡ್‌ಗೆ ಕೇಳಿಯೇ ಕೊಳ್ಳಿ. ಮಿಷನ್ ಊರಿನ ರೈಲು ಸೇತುವೆಯಿಂದ ಮೇಲಕ್ಕೆ ಪ್ರಾಂತ್ಯ ಸರ್ಕಾರದ್ದು, ಕೆಳಕ್ಕೆ ಕೇಂದ್ರ ಸರ್ಕಾರದ್ದು ಬೇಕು. ಮೇಲ್ಭಾಗದಲ್ಲಿ ಸ್ಟರ್ಜನ್‌ಗೆ ಪ್ರತ್ಯೇಕ ಪರವಾನಗಿಯೂ ಬೇಕು. ನನ್ನ ಭಾವ ತಪ್ಪು ಪರವಾನಗಿ ತಂದು ಇಡೀ ದಿನ ಗಾಳದ ಕೋಲು ಮುಟ್ಟದೆ ಕುಳಿತಿದ್ದರು. ಅವರ ಮುಖ ನೋಡಲಾಗದೆ ನಾನೂ ಅರ್ಧ ದಿನ ಕೋಲು ಕೆಳಗಿಟ್ಟೆ.

ಗೈಡ್‌ಗೆ ಫೋನಿನಲ್ಲೇ ಒಂದು ಪ್ರಶ್ನೆ ಹಾಕಿ: ದೊಡ್ಡ ಸ್ಟರ್ಜನ್ ಸಿಕ್ಕರೆ ಏನು ಮಾಡುತ್ತೀರಿ? ನೀರಿನಲ್ಲೇ ಇಟ್ಟು, ಅಳತೆ ತೆಗೆದು ಬಿಡುತ್ತೇವೆ ಎನ್ನುವವನನ್ನು ನಂಬಿ. ಎತ್ತಿ ಹಿಡಿದು ಫೋಟೊ ತೆಗೆಸುತ್ತೇನೆ ಎನ್ನುವವನ ದೋಣಿ ಹತ್ತಬೇಡಿ. ಕೆಳ ಫ್ರೇಸರ್‌ನಲ್ಲಿ 1994ರಿಂದ ಸ್ಟರ್ಜನ್ ಹಿಡಿದು ಬಿಡಬೇಕೇ ಹೊರತು ಮನೆಗೆ ಒಯ್ಯುವಂತಿಲ್ಲ. ನದಿಯಲ್ಲಿ ಇಲ್ಲಿನ ಮೂಲನಿವಾಸಿಗಳಾದ ಸ್ಟೋಲೊ ಜನರ ಬಲೆಗಳು ಕಂಡರೆ ದೂರವಿರಿ. ಅವರ ಭಾಷೆಯಲ್ಲಿ ಆ ಹೆಸರಿಗೆ ನದಿ ಎಂದೇ ಅರ್ಥ.

ನಮ್ಮ ಗೈಡ್ ಸಾಲ್ಮನ್ ಮೊಟ್ಟೆಗಳನ್ನು ಹಳೆಯ ನೈಲಾನ್ ಕಾಲುಚೀಲದ ತುಂಡಿನಲ್ಲಿ ನಿಂಬೆಹಣ್ಣಿನಷ್ಟು ಗಂಟು ಕಟ್ಟಿ, ಹಿಮ್ಮುಳ್ಳಿಲ್ಲದ ಗಾಳಕ್ಕೆ ಸಿಕ್ಕಿಸಿದ. ಭಾರವಾದ ಸೀಸದ ಗುಂಡಿನ ಜೊತೆ ಅದು ತಳ ಸೇರಿತು. ಕೋಲಿನ ತುದಿ ಎರಡು ಬಾರಿ ಮೆಲ್ಲಗೆ ತಲೆದೂಗಿತು. ಇಲ್ಲೇ ಎಲ್ಲರೂ ಕೆಡಿಸಿಕೊಳ್ಳುವುದು. ಕೋಲಿಗೆ ಕೈ ಹಾಕಬೇಡಿ. ಮೀನು ಎರೆಯನ್ನು ಬಾಯೊಳಗೆ ಎಳೆದುಕೊಳ್ಳುತ್ತಿದೆ, ಅಷ್ಟೇ. ತುದಿ ಬಾಗಿ ಕೆಳಗೆ ಎಳೆದು ನಿಂತಾಗ ಗೈಡ್ ಕೂಗುತ್ತಾನೆ. ಆಗ ಎತ್ತಿ ಜೋರಾಗಿ ಎಳೆಯಿರಿ. ಹಿಮ್ಮುಳ್ಳಿಲ್ಲದ್ದರಿಂದ ದಾರ ಒಂದು ಕ್ಷಣ ಸಡಿಲವಾದರೂ ಮೀನು ಹೋಯಿತು. ಕೋಲು ಮೇಲೆತ್ತಿ, ಇಳಿಸುವಾಗ ಮಾತ್ರ ದಾರ ಸುತ್ತಿ. ಮೀನು ಓಡಿದರೆ ಓಡಲು ಬಿಡಿ.

ಅಂದು ಕೋಲು ಹಿಡಿದವರು ಎಪ್ಪತ್ತನಾಲ್ಕು ವರ್ಷದ ಅಪ್ಪ. ನಲವತ್ತು ನಿಮಿಷದ ನಂತರ ದೋಣಿಯನ್ನು ಮರಳದಿಣ್ಣೆಗೆ ತಂದು, ಮೊಣಕಾಲು ನೀರಿನಲ್ಲಿ ಇಳಿದೆವು. ಸುಮಾರು ಎರಡು ಮೀಟರ್ ಉದ್ದದ ಮೀನು, ಮೈಯಲ್ಲಿ ಒಂದು ಹುರುಪೆಯೂ ಇಲ್ಲ. ಐದು ಸಾಲು ಮೂಳೆಯ ಬಿಲ್ಲೆಗಳು. ಮರಿಗಳಲ್ಲಿ ಚೂಪಾಗಿರುವ ಅವು ಇದರಲ್ಲಿ ಸವೆದು ನುಣುಪಾಗಿದ್ದವು. ಮೂತಿಯ ಕೆಳಗೆ ನಾಲ್ಕು ಮೀಸೆ, ಅದರ ಹಿಂದೆ ಕೊಳವೆಯಂತೆ ಹೊರಚಾಚುವ ಬಾಯಿ. ಗೈಡ್ ತಲೆಯ ಹಿಂದೆ ಯಂತ್ರ ಹಿಡಿದಾಗ ಅದು ಕೀಂಗುಟ್ಟಿತು. ಚರ್ಮದಡಿ ಚಿಪ್ ಇತ್ತು, ಯಾರೋ ಮೊದಲೇ ಹಿಡಿದು ಬಿಟ್ಟಿದ್ದ ಮೀನು. ಇವು ನೂರು ವರ್ಷ ದಾಟಿ ಬದುಕಬಲ್ಲವು ಎಂದು ಹೇಳಿದಾಗ ಅಪ್ಪ, 'ಹಾಗಾದರೆ ನನಗಿಂತ ಹಿರಿಯರೂ ಇರಬಹುದು' ಎಂದು ಅದರ ಬೆನ್ನ ಮೇಲಿಂದ ಕೈ ತೆಗೆದರು.

ಬಿಡುವಾಗ ನೂಕಬೇಡಿ. ಬಾಲದ ಬುಡ ಹಿಡಿದು, ಮೂತಿಯನ್ನು ಹರಿವಿಗೆ ಎದುರಾಗಿಸಿ, ಕಿವಿರು ಚೆನ್ನಾಗಿ ಆಡುವವರೆಗೆ ಕಾಯಿರಿ. ತಾನಾಗಿಯೇ ಕೈ ಬಿಡಿಸಿಕೊಳ್ಳುತ್ತದೆ. ಅಪ್ಪನ ಕೈಯಿಂದ ಬಿಡಿಸಿಕೊಂಡದ್ದು ಒಂದೇ ಬೀಸಿಗೆ ಅವರನ್ನು ಎದೆಯವರೆಗೆ ತೋಯಿಸಿತು. ಕಾರಿನಲ್ಲಿ ಇನ್ನೊಂದು ಜೊತೆ ಬಟ್ಟೆ ಇಟ್ಟುಕೊಂಡು ಹೋಗಿ.