ಎರಡು ಮುಳುಗಡೆ, ಒಂದು ಮನೆತನ

ಸಾಗರದ ಕಡೆಯ ನಮ್ಮ ಮನೆಯವರು ಶರಾವತಿ ಅಣೆಕಟ್ಟಿನ ಮುಳುಗಡೆಯಿಂದ ಮನೆ ಬಿಟ್ಟು ಎದ್ದು ಬಂದ ವರ್ಷ ಸಿಗುತ್ತಿರಲಿಲ್ಲ. ದೊಡ್ಡತ್ತೆ, ಚಿಕ್ಕಪ್ಪ ಇಬ್ಬರೂ “ಆಗ ನಾನು ಸಣ್ಣವ್ನು, ಸಣ್ಣವ್ಳು” ಅನ್ನುತ್ತಾರೆ. ಇಬ್ಬರಿಗೂ ಹದಿನಾಲ್ಕು ವರ್ಷ ಅಂತರ!

“ಯಾವ ಇಸವಿ?” ಅಂತ ನೇರವಾಗಿ ಕೇಳಿದೆ, ಸುಮ್ನೆ ಅಂದಾಜು ಬಂತು. ಗುರುತಿನ ಚೀಟಿಯಲ್ಲಿ ಇಬ್ಬರೂ ಜನವರಿ 1ರಂದೇ ಹುಟ್ಟಿದ್ದಾರೆ. ಒಟ್ಟಿಗೆ ಕೂರಿಸಿದರೆ ಚಿಕ್ಕಪ್ಪನದೇ ಮಾತು, ಅತ್ತೆ ಬರೀ ಹೂಂ.

ಕೊನೆಗೆ ಬೇರೆ ಬೇರೆ ದಿನ ಕೂತೆ. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿ, ಮೊದಲು ಹಳೆ ಮನೆಯ ನಕ್ಷೆ ಬರೆಸಿದೆ. ಆಮೇಲೆ ಯಾರು ಎಲ್ಲಿ ಮಲಗುತ್ತಿದ್ದರು, ತೊಟ್ಟಿಲಲ್ಲಿ ಯಾರಿದ್ದರು. ಮೂರನೆಯದು, ಪೆಪ್ಪರ್‌ಮಿಂಟಿಗೆ ಕೊಟ್ಟ ಚಿಲ್ಲರೆ ಯಾವುದು. ಇಸವಿ ಕೇಳಲೇ ಇಲ್ಲ. ನಾಲ್ಕಾಣೆ, ಎಂಟಾಣೆ ಅಂದರೆ ನಂಬಬೇಡಿ, ಆ ಮಾತು ಪೈಸೆ ಬಂದ ಮೇಲೂ ಉಳಿಯಿತು. ಸಣ್ಣ ನಾಣ್ಯವನ್ನೇ ಕೇಳಿ. ಅತ್ತೆ “ಕಾಸು” ಅಂದರು, ಚಿಕ್ಕಪ್ಪ “ಐದು ಪೈಸೆ”. ಕಾಸು ಹಳೆ ಕಾಲದ ಚಿಲ್ಲರೆ, ನಯಾ ಪೈಸೆ ಬಂದದ್ದು 1957ರ ಏಪ್ರಿಲ್ 1ಕ್ಕೆ. ಅಂದರೆ ಅತ್ತೆಯ ನೆನಪು ಅದಕ್ಕೂ ಹಿಂದಿನದು, ಚಿಕ್ಕಪ್ಪನದು ಆಮೇಲಿನದು. ಎರಡು ನಕ್ಷೆಯೂ ಬೇರೆ ಬೇರೆ ಮನೆಯವು.

ಅತ್ತೆಯದು 1940ರ ದಶಕದ ಹಿರೇಭಾಸ್ಕರ ಅಣೆಕಟ್ಟು, ಚಿಕ್ಕಪ್ಪನದು 1964ರ ಲಿಂಗನಮಕ್ಕಿ. ಮನೆಯವರು ಎರಡು ಸಲ ಎದ್ದಿದ್ದರು.