ಫದ್ವಾ ತೂಕಾನ್ ಅವರನ್ನು ಸ್ಥಳದ ಪ್ರಕಾರ ಓದಿದ ಬಗೆ: ನನ್ನ ಅನುಭವ

ಪ್ಯಾಲೆಸ್ಟೀನಿನ ನಬ್ಲುಸ್ ಊರಿನ ಅರಬ್ಬಿ ಕವಯಿತ್ರಿ ಫದ್ವಾ ತೂಕಾನ್ ಅವರ ಕವಿತೆಗಳನ್ನು ಸಂಕಲನದ ವರ್ಷ ಬಿಟ್ಟು ಅವುಗಳಲ್ಲಿ ಬರುವ ಸ್ಥಳದ ಪ್ರಕಾರ ಕಾರ್ಡುಗಳಲ್ಲಿ ಜೋಡಿಸಿ ಓದುತ್ತೇನೆ ಎಂದಾಗ, ಅರಬ್ಬಿ ಬಲ್ಲ ಹಿರಿಯರೊಬ್ಬರು ಅದು ಗುಮಾಸ್ತನ ಕೆಲಸ ಎಂದು ತಳ್ಳಿಹಾಕಿದ್ದರು. ಈಗ ಅವರೇ ತಮ್ಮ ವಿದ್ಯಾರ್ಥಿಗಳಿಗೆಂದು ಅದೇ ಕಾರ್ಡುಗಳ ಜೆರಾಕ್ಸ್ ಕೇಳಿ ಪಡೆದಿರುವುದರಿಂದ ಇದನ್ನು ಬರೆಯಲು ನನಗೆ ಸಂಕೋಚವಿಲ್ಲ.

ಬೈರೂತಿನಲ್ಲಿ ಅಚ್ಚಾದ ಅವರ ದೀವಾನ್, ಅಂದರೆ ಕವಿತೆಗಳ ಒಟ್ಟು ಸಂಪುಟ, ತರಿಸಲು ನಾಲ್ಕು ಸಾವಿರ ರೂಪಾಯಿಯ ಆಸುಪಾಸು ತಗುಲಿತು. ಅದರಲ್ಲಿ ಪುಸ್ತಕದ ಬೆಲೆಗಿಂತ ಸಾಗಣೆಯದೇ ಹೆಚ್ಚು. ಅದಕ್ಕೂ ಮುನ್ನ ಕೊಂಡಿದ್ದ ಅಗ್ಗದ ಆಯ್ದ ಕವಿತೆಗಳ ಸಂಪುಟದಲ್ಲಿ ಸ್ವರಚಿಹ್ನೆಗಳೂ ಇರಲಿಲ್ಲ, ಅರ್ಧದಷ್ಟು ಸಾಲುಗಳೂ ಇರಲಿಲ್ಲ. ಆ ಹಣ ನೀರಿಗೆ ಹಾಕಿದಂತಾಯಿತು.

ಮೊದಲ ಜೋಡಣೆ, ಎಲ್ಲರೂ ಮಾಡುವಂತೆ, ಮತದ ಪ್ರಕಾರವಾಗಿತ್ತು: ಇಸ್ಲಾಮಿನ ಕ್ಷೇತ್ರಗಳದ್ದೊಂದು ಕಟ್ಟು, ಕ್ರೈಸ್ತ ಕ್ಷೇತ್ರಗಳದ್ದಿನ್ನೊಂದು. ಅದು ನಿಲ್ಲಲಿಲ್ಲ. ಇಸ್ರೇಲ್ ಪೂರ್ವ ಜೆರುಸಲೇಮನ್ನೂ ನಬ್ಲುಸನ್ನೂ ಹಿಡಿದ 1967ರ ಯುದ್ಧದ ಬಳಿಕ ಯೇಸುವನ್ನು ಸಂಬೋಧಿಸಿ ಬರೆದ ಕವಿತೆಯಲ್ಲಿ, ನಬ್ಲುಸಿನ ಈ ಮುಸ್ಲಿಂ ಕವಯಿತ್ರಿ, ಎರಡು ಸಾವಿರ ವರ್ಷಗಳಲ್ಲಿ ಎಂದೂ ಸುಮ್ಮನಾಗದ ಗಂಟೆಗಳು ಈ ಹಬ್ಬಕ್ಕೆ ಸುಮ್ಮನಾಗಿವೆ ಎನ್ನುತ್ತಾರೆ. ಶಿಲುಬೆಯ ಹಾದಿಯಲ್ಲಿ ಚಾಟಿಯೇಟು ತಿನ್ನುತ್ತಿರುವುದು ಜೆರುಸಲೇಮ್ ನಗರವೇ. ಈ ಕಾರ್ಡು ಎರಡೂ ಕಟ್ಟುಗಳಲ್ಲಿ ಕೂರಲೊಲ್ಲದೆ ಬಹಳ ದಿನ ಮೇಜಿನ ಮೇಲೆಯೇ ಉಳಿಯಿತು.

ಕೊನೆಗೆ ಮತದ ಕಲಮನ್ನು ತೆಗೆದುಹಾಕಿ ಮೂರನ್ನು ಮಾತ್ರ ಇಟ್ಟುಕೊಂಡೆ: ಮಾತನಾಡುವವಳು ಎಲ್ಲಿ ನಿಂತಿದ್ದಾಳೆ, ಅವಳಿಗೂ ಆ ಸ್ಥಳಕ್ಕೂ ನಡುವೆ ಅಡ್ಡವಿರುವುದೇನು, ಅವಳು ಯಾರನ್ನು ಕರೆಯುತ್ತಿದ್ದಾಳೆ. ಫಲ ಕೊಟ್ಟದ್ದು ಎರಡನೆಯ ಕಲಮು. 1967ರ ಸಂಕಲನದ ಹೆಸರಿನಲ್ಲೇ ಮುಚ್ಚಿದ ಬಾಗಿಲಿದೆ. ಅಲ್ಲಿ ಅವರು ದೇವರ ಮುಂದೆ ಹೊರಗೆ ನಿಂತವರು. ಯುದ್ಧದ ನಂತರ ಆ ಬಾಗಿಲಿನ ಜಾಗಕ್ಕೆ ಜೋರ್ಡನ್ ನದಿಯ ಸೇತುವೆ ಮತ್ತು ಪರವಾನಗಿಯ ಕಿಟಕಿ ಬರುತ್ತವೆ. ಸೇತುವೆ ಪುಣ್ಯಸ್ಥಳವಲ್ಲವಾದ್ದರಿಂದ ನಾನು ನೋಡಿದ ಪುಣ್ಯಸ್ಥಳದ ಕವಿತೆಗಳ ಪಟ್ಟಿಗಳಲ್ಲೆಲ್ಲ ಸೇತುವೆಯ ಆ ಕವಿತೆ ಬಿಟ್ಟುಹೋಗಿತ್ತು. ನನ್ನ ಕಾರ್ಡಿನಲ್ಲಿ ಅದು ತಾನಾಗಿಯೇ ಬಂದು ಕೂತಿತು. ಬಿಸಿಲಿನಲ್ಲಿ ಏಳು ಗಂಟೆ ಕಾದು, ದಾಟಲು ಬೇಡುತ್ತಿರುವ ಆ ಹೆಣ್ಣು ತನ್ನ ಚರ್ಮದಡಿ ಸಾವಿರ ‘ಹಿಂದ್’ಗಳಿದ್ದಾರೆ ಎನ್ನುತ್ತಾಳೆ. ಹಿಂದ್ ಎಂದರೆ 625ರ ಉಹುದ್ ಕಾಳಗದಲ್ಲಿ ಪ್ರವಾದಿಯವರ ಚಿಕ್ಕಪ್ಪ ಹಂಝಾರ ಪಿತ್ತಜನಕಾಂಗವನ್ನು ಅಗಿದಳೆಂದು ಹೇಳಲಾಗುವ ಮಕ್ಕಾದ ಹೆಂಗಸು. ತನ್ನ ಗುರುತಿಗಾಗಿ ಪವಿತ್ರ ಚರಿತ್ರೆಯೊಳಗೆ ಕೈಹಾಕಿದ ಕವಯಿತ್ರಿಗೆ ಸಿಕ್ಕಿದ್ದು ಸಂತಳಲ್ಲ, ಇವಳು! ಇದನ್ನು ಕಂಡ ಮೇಲೆ ಹಿರಿಯರ ಮಾತು ನನಗೆ ಕೇಳಿಸಲಿಲ್ಲ.

ಅದೇ ಉತ್ಸಾಹದಲ್ಲಿ ಇರಾಕಿನ ಕವಯಿತ್ರಿ ನಾಝಿಕ್ ಅಲ್ ಮಲಾಇಕಾ ಅವರ ಮೇಲೂ ಪ್ರಯೋಗ ಮಾಡಿದೆ. ಬಾಗ್ದಾದಿನಲ್ಲಿ ಹುಟ್ಟಿದ ಅವರು ಕುಬ್ಬತುಸ್ಸಖ್ರಾವನ್ನು, ಅಂದರೆ ಜೆರುಸಲೇಮಿನ ಬಂಡೆಯ ಗುಮ್ಮಟವನ್ನು, ನೇರವಾಗಿ, ಎದುರಿಗೇ ಇದೆಯೆಂಬಂತೆ ಕರೆಯುತ್ತಾರೆ. ಅಡ್ಡಿಯ ಕಲಮು ಬಹುಪಾಲು ಖಾಲಿ. ಜೆರುಸಲೇಮಿಗೆ ಸುಮಾರು 60 ಕಿಲೋಮೀಟರು ದೂರದ ನಬ್ಲುಸಿನವರಿಗೆ ಇಷ್ಟೊಂದು ಅಡ್ಡಿ, ಇರಾಕಿನವರಿಗೆ ಇಲ್ಲವೇ ಇಲ್ಲ. ಇನ್ನೂ ಹಿಂದಕ್ಕೆ, ಏಳನೆಯ ಶತಮಾನಕ್ಕೆ ಹೋಗಿ ಅರಬ್ಬಿ ಕವಯಿತ್ರಿ ಅಲ್ ಖನ್ಸಾ ಅವರ ಶೋಕಗೀತೆಗಳಿಗೆ ಕಾರ್ಡು ಮಾಡಿದ್ದು ದಂಡವಾಯಿತು. ಅಲ್ಲಿ ತುದಿಯಲ್ಲಿ ಬೆಂಕಿ ಉರಿಯುವ ಬೆಟ್ಟವೆಂದರೆ ಸತ್ತ ಸಹೋದರ ಸಖ್ರನೇ ಹೊರತು ಹೋಗಿ ನಿಲ್ಲುವ ಜಾಗವಲ್ಲ.

ಕಾರ್ಡುಗಳ ಹಿಂಬದಿಯಲ್ಲಿ ಬಣ್ಣದ ಪೆನ್ಸಿಲಿನ ಗುರುತುಗಳಿವೆ. ಕಟ್ಟಿನೊಳಗೆ ಯಾವ ಕವಿತೆಯನ್ನು ಯಾವುದರ ಪಕ್ಕಕ್ಕಿಡಬೇಕೆಂಬುದು ಅವುಗಳಲ್ಲಿದೆ. ನನ್ನ ಪುಸ್ತಕ ಅಚ್ಚಾಗುವವರೆಗೆ ಅದನ್ನು ಹೇಳಲಾರೆ. ಹಿರಿಯರಿಗೆ ಕೊಟ್ಟ ಜೆರಾಕ್ಸಿನಲ್ಲಿಯೂ ಮುಂಬದಿ ಮಾತ್ರ ಇದೆ.