ಪಾಠದೊಳಗೇ ಕೈಕೆಲಸ: ಪ್ರೈಮರಿ ಕ್ಲಾಸಲ್ಲಿ ಹೇಗೆ ಮಾಡೋದು

ಮೊದ್ಲು ಒಂದು ವಿಷ್ಯ ಕ್ಲಿಯರ್ ಮಾಡ್ಕೊಂಡ್ಬಿಡೋಣ. ಪಾಠ ಎಲ್ಲಾ ಮುಗಿದ ಮೇಲೆ "ಈಗ ಎಲೆ ಚಿತ್ರ ಬಿಡಿಸಿ ಬಣ್ಣ ತುಂಬಿ" ಅನ್ನೋದು, ಶನಿವಾರ ಕೊನೇ ಪಿರಿಯಡ್ಡಲ್ಲಿ ಡ್ರಾಯಿಂಗ್ ಶೀಟ್ ಕೊಟ್ಟು ಗಲಾಟೆ ಮಾಡ್ದಂಗೆ ಕೂರ್ಸೋದು, ಅಪ್ಪ ಅಮ್ಮ ರಾತ್ರಿ ಕೂತು ಥರ್ಮಾಕೋಲಲ್ಲಿ ಕೊರೆದುಕೊಟ್ಟ ಪ್ರಾಜೆಕ್ಟ್ ಇಸ್ಕೊಂಡು ಬೀರು ಮೇಲೆ ಇಡೋದು, ಇದ್ಯಾವ್ದೂ ನಾನು ಹೇಳ್ತಿರೋ ಲೆಕ್ಕಕ್ಕೆ ಬರಲ್ಲ. ಕೈಕೆಲಸ ತೆಗೆದುಬಿಟ್ರೆ ಪಾಠಾನೇ ನಡೀಬಾರ್ದು, ಹಂಗಿರ್ಬೇಕು. ಯಾವ್ದೇ ಆಕ್ಟಿವಿಟಿ ಯೋಚಿಸ್ದಾಗ ನಿಮ್ಮನ್ನ ನೀವೇ ಒಂದು ಪ್ರಶ್ನೆ ಕೇಳ್ಕೊಳ್ಳಿ: ಪಾಠದ ವಿಷ್ಯ ತಲೇಲಿ ಇಲ್ದೆನೂ ಮಗು ಇದನ್ನ ಮಾಡಿ ಮುಗಿಸ್ಬೋದಾ? ಮುಗಿಸ್ಬೋದು ಅಂದ್ರೆ ಅದನ್ನ ಬಿಟ್ಟು ಬೇರೆ ಹುಡುಕಿ.

ಇದೇನು ಹೊಸದಲ್ಲ. ಚಟುವಟಿಕೆ ಮೂಲಕ ಕಲಿಸೋ ನಲಿ-ಕಲಿ ಪದ್ಧತಿ ಶುರುವಾಗಿದ್ದೇ ನಮ್ಮ ಎಚ್.ಡಿ. ಕೋಟೆ ತಾಲ್ಲೂಕಲ್ಲಿ, 1995ರಲ್ಲಿ. 2020ರ ಶಿಕ್ಷಣ ನೀತಿಯಲ್ಲೂ ಕಲೆ ಜೊತೆ ಸೇರಿಸಿ ಕಲಿಸಿ ಅಂತ ಬರೆದಿದೆ. ಆದ್ರೆ ನಾಳೆ ಬೆಳಗ್ಗೆ ನಾಲ್ಕನೇ ಕ್ಲಾಸಿಗೆ ಹೋಗಿ ಏನು ಮಾಡ್ಬೇಕು ಅನ್ನೋದು ನೀತೀಲಿ ಇರಲ್ಲ ನೋಡಿ, ಅದಕ್ಕೇ ಇದು.

ಶುರು ಮಾಡೋಕೆ ಚುಕ್ಕಿ ರಂಗೋಲಿಗಿಂತ ಒಳ್ಳೇದು ಇನ್ನೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಖರ್ಚಿಲ್ಲ, ಶಾಲೆ ಜಗಲಿ ಇದೆ, ಸೀಮೆಸುಣ್ಣ ಇದೆ. ಹಿಂದಿನ ದಿನ "ಮನೇಲಿ ಅಜ್ಜಿ ಹತ್ರ ಒಂದು ಚುಕ್ಕಿ ರಂಗೋಲಿ ಕಲ್ತ್ಕೊಂಡು ಬನ್ನಿ" ಅಂತ ಹೇಳಿ ಕಳಿಸಿ. ಮರುದಿನ ನಡುವೆ 7 ಚುಕ್ಕಿ, ಮೇಲೂ ಕೆಳಗೂ ಎರಡೆರಡು ಕಮ್ಮಿ ಮಾಡ್ತಾ 5, 3, 1. ಇಡೋಕೆ ಮುಂಚೆನೇ ಕೇಳ್ಬೇಕು, ಒಟ್ಟು ಎಷ್ಟು ಚುಕ್ಕಿ ಆಗುತ್ತೆ ಅಂತ. ಒಬ್ಬೊಬ್ರು ಒಂದೊಂದು ನಂಬರ್ ಕೂಗ್ತಾರೆ, ಎಲ್ಲಾನೂ ಬೋರ್ಡ್ ಮೇಲೆ ಬರೀರಿ, ತಪ್ಪು ಸರಿ ಏನೂ ಹೇಳ್ಬೇಡಿ. ಇಟ್ಟು ಎಣಿಸಿದ್ರೆ 25. ಈಗ ಅದೇ ಚುಕ್ಕಿಗಳನ್ನ ಓರೆಯಾಗಿ ನೋಡಕ್ಕೆ ಹೇಳಿ. ಒಂದು ಓರೆ ಸಾಲಿಗೆ ಬಿಳಿ ಸೀಮೆಸುಣ್ಣ, ಪಕ್ಕದ್ದಕ್ಕೆ ಬಣ್ಣದ್ದು, ಹಿಂಗೆ ಒಂದು ಬಿಟ್ಟು ಒಂದು ಗೆರೆ ಎಳೆಸಿದ್ರೆ ನಾಲ್ಕು ಚುಕ್ಕಿಯ ನಾಲ್ಕು ಸಾಲು, ಅದ್ರ ಮಧ್ಯ ಮೂರು ಚುಕ್ಕಿಯ ಮೂರು ಸಾಲು ಕಾಣುತ್ತೆ. ನಾಲ್ನಾಲ್ಕ್ಲೆ 16, ಮೂರ್ಮೂರ್ಲೆ 9, ಕೂಡಿದ್ರೆ ಅದೇ 25! ಮಗ್ಗಿ ಬಾಯಿಪಾಠ ಮಾಡಿರೋ ಹುಡುಗ್ರು ಅಲ್ಲಿ ಒಂದು ಕ್ಷಣ ಸುಮ್ನಾಗ್ತಾರೆ, ಆಮೇಲೆ "ಮಿಸ್ 9 ಚುಕ್ಕಿದು ಇಡೋಣ, ಅದ್ರಲ್ಲೂ ಬರುತ್ತಾ ನೋಡೋಣ" ಅಂತ ತಾವೇ ಶುರು ಮಾಡ್ಕೋತಾರೆ. ಬರುತ್ತೆ, 25ಕ್ಕೆ 16 ಸೇರಿ 41. ಮಧ್ಯ ಚುಕ್ಕಿ ರಂಗೋಲಿ, ಅಂದ್ರೆ 7ರಿಂದ 4ರವರೆಗೆ ಒಂದೊಂದೇ ಕಮ್ಮಿ ಆಗೋದು, ಅದು ಬೇರೆ ದಿನಕ್ಕೆ ಇಟ್ಕೊಳ್ಳಿ, ಅದ್ರಲ್ಲಿ 37 ಆಗುತ್ತೆ, ಆಕಾರ ಆರು ಮೂಲೆ ಬರುತ್ತೆ. ರಂಗೋಲಿ ಹುಡ್ಗೀರ ಕೆಲ್ಸ ಅಂತ ಹಿಂದೆ ನಿಂತ್ಕೊಳ್ಳೋ ಹುಡುಗ್ರು ಇದ್ದೇ ಇರ್ತಾರೆ, ಅವ್ರಿಗೆ ಚುಕ್ಕಿ ಲೆಕ್ಕ ಇಡೋ ಜವಾಬ್ದಾರಿ ಕೊಡಿ, ಹತ್ತು ನಿಮಿಷದಲ್ಲಿ ಅವ್ರೂ ಕೂತಿರ್ತಾರೆ.

ದಶಮಾಂಶ ಕಲಿಸ್ಬೇಕು ಅಂದ್ರೆ ನಮ್ ಕಡೆಯವರಿಗೆ ಕೆಆರ್‌ಎಸ್ ಅಣೆಕಟ್ಟು ಇದೆಯಲ್ಲ. ಗರಿಷ್ಠ ಮಟ್ಟ 124.80 ಅಡಿ, ಮಂಡ್ಯ ಕಡೆ ಯಾವ ಮಗು ಮನೇಲಾದ್ರೂ ಈ ನಂಬರ್ ಕಿವಿಗೆ ಬಿದ್ದಿರುತ್ತೆ, ಮಳೆಗಾಲದಲ್ಲಂತೂ "ಇವತ್ತೆಷ್ಟು ಅಡಿ ಆಯ್ತು" ಅನ್ನೋದೇ ಟೀ ಅಂಗಡಿ ಮಾತು. ಹಳೇ ಕ್ಯಾಲೆಂಡರ್ ಹಾಳೆಗಳನ್ನ ಉದ್ದುದ್ದ ಕತ್ತರಿಸಿ ಅಂಟಿಸಿ 125 ಸೆಂಟಿಮೀಟರ್ ಪಟ್ಟಿ ಮಾಡ್ಸಿ, ಒಂದು ಅಡಿಗೆ ಒಂದು ಸೆಂಟಿಮೀಟರ್. ಗೆರೆ ಹಾಕೋದು, ನಂಬರ್ ಬರೆಯೋದು, ಪಕ್ಕದಲ್ಲಿ ಅಣೆಕಟ್ಟಿನ ಗೋಡೆ, ಗೇಟು ಬಿಡಿಸೋದು ಎಲ್ಲಾ ಮಕ್ಕಳದ್ದೇ. ಜುಲೈನಲ್ಲಿ ಗೋಡೆಗೆ ಹಚ್ಚಿ, ದಿನಾ ಬೆಳಗ್ಗೆ ಪೇಪರಲ್ಲಿ ಬಂದ ಮಟ್ಟ ನೋಡಿ ಒಬ್ರು ನೀಲಿ ಬಣ್ಣ ಏರಿಸ್ಬೇಕು. ಮಟ್ಟ 110.60 ಅಂತ ಬಂದ್ರೆ 110 ದಾಟಿ ಇನ್ನೂ 6 ಮಿಲಿಮೀಟರ್ ಎಲ್ಲಿಗೆ ಬರುತ್ತೆ ಅಂತ ಸ್ಕೇಲ್ ಇಟ್ಟು ಹುಡುಕ್ಬೇಕಲ್ಲ, ಪಾಯಿಂಟ್ ಆದ್ಮೇಲೆ ಬರೋ ಅಂಕಿಗೆ ಏನು ಬೆಲೆ ಅನ್ನೋದು ಅಲ್ಲೇ ಗೊತ್ತಾಗೋದು. ನೀರು ಇಳಿದ ದಿನ ಏನು ಮಾಡ್ಬೇಕು, ಬಣ್ಣ ಅಳಿಸೋದಾ ಅಥವಾ ಪಕ್ಕದಲ್ಲಿ ಹೊಸ ಪಟ್ಟಿ ಶುರು ಮಾಡೋದಾ ಅಂತ ಮಕ್ಕಳೇ ಜಗಳ ಆಡ್ಲಿ ಬಿಡಿ. ಹೊಸ ಪಟ್ಟಿ ಅಂತ ತೀರ್ಮಾನ ಆದ್ರೆ ಅಲ್ಲಿಗೆ ಸ್ತಂಭಾಲೇಖನೂ (ಬಾರ್ ಗ್ರಾಫ್) ಬಂತು.

ಇದ್ರ ಜೊತೆಗೇ ಶಾಲೆ ಅಂಗಳದಲ್ಲಿ ಮಣ್ಣಿನ ನಕ್ಷೆ. ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥ ಸೇರೋ ಕಡೆ ಕೆಆರ್‌ಎಸ್, ಅಲ್ಲಿಂದ ವಿಶ್ವೇಶ್ವರಯ್ಯ ನಾಲೆ ಒಂದು ಕಡೆ, ನದಿ ಮುಂದೆ ಹೋಗಿ ಶ್ರೀರಂಗಪಟ್ಟಣದ ಸುತ್ತ ಎರಡಾಗಿ ಒಡೆದು ಮತ್ತೆ ಸೇರೋದು, ಕೆಳಗೆ ತಿ. ನರಸೀಪುರದಲ್ಲಿ ಕಪಿಲಾ. ಮಗ್ಗಲ್ಲಿ ನೀರು ಬಿಟ್ಟು ನೋಡಿದಾಗ ಉಲ್ಟಾ ಹರಿದ್ರೆ ಇಳಿಜಾರು ತಪ್ಪಿದೆ ಅಂತ ಅರ್ಥ, ನೀವು ಬಾಯಿಬಿಟ್ಟು ಹೇಳೋದೇ ಬೇಡ.

ವಿಜ್ಞಾನಕ್ಕೆ ಅರಿಶಿನ. ಬಿಳಿ ಹಾಳೆಗೆ ಅರಿಶಿನದ ನೀರು ಬಳಿದು ಒಣಗಿಸಿ, ಇದು ಹಿಂದಿನ ದಿನಾನೇ ಆಗ್ಬೇಕು. ಮಾರನೇ ದಿನ ಪುಟ್ಟ ಪುಟ್ಟ ಲೋಟದಲ್ಲಿ ಸೋಪಿನ ನೀರು, ನಿಂಬೆ ರಸ, ಹುಣಸೆ ನೀರು, ಅಡುಗೆ ಸೋಡಾ, ಬರೀ ನೀರು. ಕಡ್ಡಿ ತುದಿಗೆ ಹತ್ತಿ ಸುತ್ತಿದ್ರೆ ಬ್ರಷ್ ಆಯ್ತು. ಯಾವುದ್ರಲ್ಲಿ ಬರೆದ್ರೆ ಕೆಂಪು ಬರುತ್ತೆ ಅಂತ ಮೊದ್ಲು ಊಹೆ ಬರೆಸಿ, ಆಮೇಲೆ ಚಿತ್ರ. ಸೋಪು, ಸೋಡಾ ಮುಟ್ಟಿದ್ ಕಡೆ ಕೆಂಪು ಗೆರೆ ಬರುತ್ತೆ, ಅದ್ರ ಮೇಲೆ ನಿಂಬೆ ರಸ ಎಳೆದ್ರೆ ವಾಪಸ್ ಹಳದಿ. "ಮಿಸ್, ಮದ್ವೇಲಿ ಕೆಂಪಾರತಿಗೂ ಹಿಂಗೇ ಮಾಡೋದು, ಅರಿಶಿನಕ್ಕೆ ಸುಣ್ಣ ಹಾಕ್ತಾರೆ" ಅಂತ ಯಾರಾದ್ರೂ ಹೇಳೇ ಹೇಳ್ತಾರೆ, ಅಲ್ಲಿಂದ ಪಾಠ ತಾನಾಗೇ ಓಡುತ್ತೆ. ಆಮ್ಲ, ಪ್ರತ್ಯಾಮ್ಲ ಅನ್ನೋ ಪದಗಳು ದೊಡ್ಡ ಕ್ಲಾಸಿಗೆ ಇರ್ಲಿ, ಹುಳಿ ಇರೋದು ಒಂದು ಕಡೆ, ಸೋಪಿನ ಥರ ಜಾರೋದು ಇನ್ನೊಂದು ಕಡೆ ಅಂತ ಗುಂಪು ಮಾಡಿದ್ರೆ ಸಾಕು. ಸುಣ್ಣ ಮಾತ್ರ ಮಕ್ಕಳ ಕೈಗೆ ಕೊಡ್ಬೇಡಿ, ಕಣ್ಣಿಗೆ ಬಿದ್ರೆ ಅಪಾಯ, ತೋರಿಸಲೇಬೇಕು ಅಂದ್ರೆ ನೀವೇ ಮಾಡಿ. ಯೂನಿಫಾರ್ಮಿಗೆ ಅರಿಶಿನ ಹತ್ತಿದ್ರೆ ಮನೆಯಿಂದ ಬೈಗುಳ ಗ್ಯಾರಂಟಿ, ಹಳೇ ಟವೆಲ್ ತರಿಸ್ಕೊಳ್ಳಿ.

ಸೋಮನಾಥಪುರದ ಕೇಶವ ದೇವಸ್ಥಾನಕ್ಕೆ ಟ್ರಿಪ್ ಇದ್ರೆ ಹೋಗೋಕೆ ಮುಂಚೆ ಒಂದು ಪಿರಿಯಡ್ ಇದಕ್ಕೆ ಕೊಡಿ: ಮದುವೆ ಕಾರ್ಡಲ್ಲಿ ಒಂದೇ ಅಳತೆಯ ನಾಲ್ಕು ಚೌಕ ಕತ್ತರಿಸಿ, ನಡುವೆ ಗುಂಡುಪಿನ್ ಚುಚ್ಚಿ, ಬೀಸಣಿಗೆ ಬಿಡಿಸಿದಂಗೆ ಸಮ ಅಂತರದಲ್ಲಿ ತಿರುಗಿಸ್ತಾ ಹೋದ್ರೆ 16 ಮೂಲೆಯ ನಕ್ಷತ್ರ ಆಗುತ್ತೆ. 1258ರ ಆ ಗುಡಿಯ ಗರ್ಭಗುಡಿಗಳ ಹೊರಗೋಡೆ ಹಂಗೇ ಇರೋದು. ಅಲ್ಲಿ ಹೋದ್ಮೇಲೆ ಮಕ್ಕಳು ಸೆಲ್ಫಿ ಬಿಟ್ಟು ಮೂಲೆ ಎಣಿಸ್ತಾರೆ.

ಸಾಮಾನಿನ ವಿಷ್ಯ. ಮದುವೆ ಕಾರ್ಡು ಗಟ್ಟಿ ಕಾಗದಕ್ಕೆ, ಬೆಂಡೆಕಾಯಿ, ಬಾಳೆದಿಂಡು ಅಚ್ಚಿಗೆ, ಕೆರೆ ಜೇಡಿಮಣ್ಣು, ಒಡೆದ ಬಳೆ ಬೇಡ ಕೈ ಕೊಯ್ಯುತ್ತೆ. ಅಂಟಿಗೆ ಫೆವಿಕಾಲ್ ಕೊಂಡು ಪೂರೈಸಲ್ಲ, ಒಂದು ಲೋಟ ಮೈದಾಗೆ ನಾಲ್ಕೈದು ಲೋಟ ನೀರು ಹಾಕಿ ಗಂಟಾಗ್ದಂಗೆ ಕದಡಿ ಕುದಿಸಿದ್ರೆ ಇಡೀ ಕ್ಲಾಸಿಗೆ ಆಗುತ್ತೆ, ಬಿಸಿಯೂಟದ ಅಕ್ಕನ ಹತ್ರ ವಿಶ್ವಾಸ ಇದ್ರೆ ಅವ್ರೇ ಕಾಯಿಸಿ ಕೊಡ್ತಾರೆ. ಎರಡು ದಿನಕ್ಕೆ ಹಳಸುತ್ತೆ, ಮೈಲುತುತ್ತ ಹಾಕಿ ಉಳಿಸೋ ಹಳೇ ಪದ್ಧತಿ ಶಾಲೇಲಿ ಬೇಡ್ವೇ ಬೇಡ, ಅದು ವಿಷ. ಮಣ್ಣಿನ ಕೆಲ್ಸ ನೆರಳಲ್ಲೇ ಒಣಗ್ಬೇಕು, ಬಿಸಿಲಿಗೆ ಇಟ್ರೆ ಹೊರಗಡೆ ಮೊದ್ಲು ಒಣಗಿ ಕುಗ್ಗಿ ಬಿರುಕು ಬಿಡುತ್ತೆ.

40 ನಿಮಿಷದ ಪಿರಿಯಡ್ಡಲ್ಲಿ ಹಂಚೋಕೆ ಐದು, ಮಾತಿಗೆ ಐದು, ಮಾಡೋಕೆ ಇಪ್ಪತ್ತು, ಕ್ಲೀನ್ ಮಾಡೋಕೆ ಹತ್ತು, ಈ ಕೊನೇ ಹತ್ತನ್ನ ಕಳೆದ್ರೆ ಮುಂದಿನ ಪಿರಿಯಡ್ ಮೇಷ್ಟ್ರ ಹತ್ರ ನಿಮ್ ಮರ್ಯಾದೆ ಹೋಗುತ್ತೆ. ಒಂದು ಗುಂಪಿಗೆ ನಾಲ್ಕು ಜನ, ಒಂದೇ ತಟ್ಟೆ ಸಾಮಾನು, ತರೋದು ವಾಪಸ್ ಇಡೋದು ಒಬ್ರೇ. ಬೋರ್ಡ್ ಮೇಲೆ ನೀವು ಮಾದರಿ ಬಿಡಿಸ್ಬೇಡಿ ದಯವಿಟ್ಟು, ಬಿಡಿಸಿದ್ರೆ ಅಷ್ಟೂ ಮಕ್ಕಳು ಅದನ್ನೇ ಕಾಪಿ ಹೊಡೀತಾರೆ. ಚೆನ್ನಾಗಿರೋ ಮೂರು ಆರಿಸಿ ಗೋಡೆಗೆ ಹಾಕೋದೂ ಬೇಡ, ಹಾಕಿದ್ರೆ ಎಲ್ಲಾರ್ದೂ ಹಾಕಿ, ಇಲ್ಲಾಂದ್ರೆ ಬಿಡಿ.

ಮಾರ್ಕ್ಸ್ ಕೊಡೋವಾಗ ಅಂದ ನೋಡ್ಬೇಡಿ. ಮಗು ಹತ್ರ ಕೂತು "ಇಲ್ಲಿ ಯಾಕೆ ಹಿಂಗೆ ಮಾಡ್ದೆ ಪುಟ್ಟ" ಅಂತ ಒಂದೇ ಒಂದು ಪ್ರಶ್ನೆ ಕೇಳಿ, ಅದು ಹೇಳಿದ ಮಾತನ್ನ ಹಂಗೇ ಒಂದು ಸಾಲು ಬರ್ಕೊಳ್ಳಿ, ದಿನಕ್ಕೆ ಐದಾರು ಮಕ್ಕಳು ಸಾಕು, ವಾರದಲ್ಲಿ ಕ್ಲಾಸ್ ಮುಗಿಯುತ್ತೆ. ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಬಂದು ದಾಖಲೆ ಕೇಳಿದ್ರೆ ಆ ಪುಸ್ತಕಾನೇ ಮುಂದಿಡಿ, ಪಾಠ ಯೋಜನೇಲಿ ಚಟುವಟಿಕೆ ಪಕ್ಕ ಕಲಿಕಾ ಫಲ, ಅಂದ್ರೆ ಮಗು ಏನು ಕಲೀಬೇಕು ಅನ್ನೋದು, ಯಾವ್ದು ಅಂತ ಬರೆದಿದ್ರೆ ಇನ್ನೇನೂ ಕೇಳಲ್ಲ.